ಚಮಚದ ಬೆನ್ನಿನ ಹಸಿರು

ಆ ಭಾನುವಾರ ಹಲ್ಲಿನ ಡಾಕ್ಟರಮ್ಮನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅವಳು ಕೈಯಾರೆ ಮಾಡಿದ, ಅಂಗೈ ಮೇಲೆ ಕೂರುವಷ್ಟು ಪುಟ್ಟ ಕಾರು ಸಿದ್ಧವಾಗಿತ್ತು. ಮೆಕ್ಯಾನಿಕ್ ಅಪ್ಪ ಬಹಳ ವರ್ಷ ಓಡಿಸಿ, ಕೊನೆಗೆ ಮನಸ್ಸಿಲ್ಲದ ಮನಸ್ಸಿನಿಂದ ಮಾರಿದ ಕಾರಿನ ಪಡಿಯಚ್ಚು ಅದು. ಎಂಜಿನ್ನಿಗೆ ಬಣ್ಣ ಬಳಿಯುವುದಷ್ಟೇ ಬಾಕಿ. ಸಂಜೆ ಅಪ್ಪ ಬಾನೆಟ್ ಎತ್ತಿ ನೋಡಿ, "ಇದು ನನ್ನ ಕಾರು" ಅನ್ನಬೇಕು. ಅಪ್ಪ ಬಾಯಿಬಿಟ್ಟು ಮೆಚ್ಚಿದ್ದನ್ನು ಮನೆಯ ಗೋಡೆಗಳೂ ಕೇಳಿರಲಿಲ್ಲ. ಅವಳಿಗೆ ಬೇಕಿದ್ದದ್ದು ಆ ಒಂದು ಮಾತು.

ಮಾರಿದ ಕಾರಿನ ಎಂಜಿನ್ನಿನ ಮೇಲ್ಮುಚ್ಚಳ ಮಾತ್ರ ಷೆಡ್ಡಿನಲ್ಲೇ ಉಳಿದಿತ್ತು. ಅಪ್ಪ ಅದನ್ನು ಅಂಗಾತ ಮಲಗಿಸಿ ಮೊಳೆ ತುಂಬಿಟ್ಟಿದ್ದರು. ಮೊಳೆ ಸುರಿದು ಒರೆಸಿದಳು. ಮುದ್ದಾದ ಹಸಿರು!

ಅಡುಗೆಮನೆಯ ಕಿಟಕಿಯ ಪಕ್ಕ ಕೂತಳು. ಆ ಕಿಟಕಿಯ ಒಂದು ಬಾಗಿಲು ಹಸಿರು, ಇನ್ನೊಂದು ನೀಲಿ. ಹಸಿರು ಬಣ್ಣ ಸಾಲದಾಗಿದ್ದು ಪೇಂಟರ್ ಲಪಟಾಯಿಸಿದ್ದರಿಂದಲೇ ಎಂದು ಅಮ್ಮ ಇಂದಿಗೂ ಅವನ ಜನ್ಮ ಜಾಲಾಡುತ್ತಿದ್ದಳು. ಕಟ್ಟುಹಲ್ಲಿಗೆ ಬಣ್ಣ ಹೊಂದಿಸುವಂತೆಯೇ ಮಗಳ ಕೆಲಸ ನಡೆಯಿತು: ಕಣ್ಣು ಕಿರಿದಾಗಿಸಿ ಒಂದು ನೋಟ, ಕಣ್ಣು ದಣಿಯುವ ಮೊದಲೇ ಬೂದು ಬಟ್ಟೆಯತ್ತ ತಿರುಗಿ, ಮತ್ತೆ ಒಂದು ನೋಟ. ಒಂದೊಂದು ಮಿಶ್ರಣವೂ ಒಂದೊಂದು ಪ್ಲಾಸ್ಟಿಕ್ ಚಮಚದ ಬೆನ್ನಿಗೆ.

"ನನ್ನ ಚಮಚಗಳಿಗೇನು ಪಾಚಿ ಕಟ್ಟಿದ್ಯೇನೇ?"

"ಅಮ್ಮಾ, ಸ್ವಲ್ಪ ಬಾಯಿ ಮುಚ್ಚು."

"ಲೋಕಕ್ಕೆಲ್ಲ ಬಾಯಿ ತೆಗೀರಿ ಅಂತೀಯ, ನನಗೆ ಮಾತ್ರ ಮುಚ್ಚು!"

ಕೊನೆಗೊಂದು ಚಮಚ ಮುಚ್ಚಳದ ಮೇಲೆ ಇಟ್ಟರೆ ಅದರ ಹಸಿರಲ್ಲಿ ಬೆರೆತು ಕಾಣೆಯೇ ಆಗಿಬಿಟ್ಟಿತು. ಅವಳು ಕಿರುಚಿದ ರಭಸಕ್ಕೆ ಬೆಕ್ಕು ಅಟ್ಟ ಹತ್ತಿತು. ಅಷ್ಟು ಪುಟ್ಟ ಎಂಜಿನ್ನಿನ ಮೇಲೆ ಅದೇ ಬಣ್ಣ ಕಪ್ಪಾಗಿ ಕಾಣುತ್ತದೆ. ಹಾಗಾಗಿ ಒಂದು ಹನಿ ಬಿಳಿ ಬೆರೆಸಿ, ಉಸಿರು ಬಿಗಿಹಿಡಿದು ಬಳಿದಳು.

ಸಂಜೆ ಅಪ್ಪ ಉಗುರಿನ ತುದಿಯಿಂದ ಬಾನೆಟ್ ಎತ್ತಿದರು. ನೋಡಿದರು. ನೋಡುತ್ತಲೇ ಇದ್ದರು. ಬೆಳಗಿನಿಂದ ಕುಣಿಯುತ್ತಿದ್ದ ಅವಳ ಎದೆ ಮೆಲ್ಲಗೆ ಕೆಳಗಿಳಿಯಿತು.

"ಬಣ್ಣ ತಪ್ಪಾಯ್ತಾ ಅಪ್ಪ?"

ಅಪ್ಪ ಅಡುಗೆಮನೆಯತ್ತ ಕಳ್ಳನೋಟ ಹರಿಸಿದರು. ಕಿವಿ ಕೆಂಪಾಗಿತ್ತು.

ಅಷ್ಟರಲ್ಲಿ ಒಳಗಿನಿಂದ ಅಮ್ಮನ ಕೂಗು. ಚಮಚಗಳನ್ನು ಎತ್ತಿಡುತ್ತಿದ್ದವಳು ಮುಚ್ಚಳದ ಮೇಲಿದ್ದ ಚಮಚವನ್ನು ಕಿಟಕಿಯ ಹಸಿರು ಬಾಗಿಲಿಗೆ ಒರಗಿಸಿದ್ದಳು. ಅದು ಅಲ್ಲೂ ಕಾಣೆಯಾಗಿತ್ತು.

"ರೀ! ನನ್ನ ಕಿಟಕಿ ಬಣ್ಣ ನಿಮ್ಮ ಎಂಜಿನ್ನಿಗೆ ಹೋಗಿತ್ತಾ?"

ಅಪ್ಪ ಚಪ್ಪಲಿ ಹುಡುಕಿದರು. ಅಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಎಂಜಿನ್ ಬಿಸಿಗೆ ಬಣ್ಣ ನಿಲ್ಲುತ್ತಾ ಅಂತ ನೋಡ್ದೆ ಕಣೆ."

"ಆ ಪೇಂಟರ್‌ಗೆ ಎಷ್ಟು ಶಾಪ ಹಾಕಿದೀನಿ! ಎಲ್ಲ ಗಪ್‌ಚಿಪ್ ಕೇಳಿಸ್ಕೊಂಡು ಕೂತಿದ್ರಲ್ಲ!"

"ನೀನು ಅಷ್ಟು ಚೆನ್ನಾಗಿ ಬೈತಿದ್ದೆ, ನಡುವೆ ಬಾಯಿ ಹಾಕೋದು ಹೇಗೆ?"

ಅಮ್ಮನಿಗೇ ಮೊದಲು ನಗು ಉಕ್ಕಿತು. ಮಗಳು ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕುಸಿದಳು. ಅಪ್ಪ ಮಾತ್ರ ಕಾರನ್ನು ಎದೆಗೊತ್ತಿಕೊಂಡು ಗಂಭೀರವಾಗಿ ಗದರಿದರು:

"ನನ್ನ ಕಾರಿನ ಬಣ್ಣ ಇಷ್ಟು ಕರೆಕ್ಟಾಗಿ ಹೊಂದಿಸು ಅಂದಿದ್ಯಾರು ನಿನಗೆ? ಒಂಚೂರು ತಪ್ಪಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"