ಕಂಬಿಗಾಡಿ ಹತ್ತಿದ ಆನೆಗಳು

ಒಂದು ಊರಿತ್ತು. ಅಲ್ಲಿ ಹೆಚ್ಚುಕಡಿಮೆ ಮನೆಗೊಂದು ಆನೆ. ಸಂತೆಗೆ ಹೋಗುವುದಕ್ಕೂ ಆನೆ, ಬೆಂಕಿಪೊಟ್ಟಣ ತರುವುದಕ್ಕೂ ಆನೆ. ಒಂದು ಆನೆಯ ಮೇಲೆ ಒಬ್ಬರೇ ಕೂರಬೇಕೆಂಬುದು ಅಲ್ಲಿನ ಪದ್ಧತಿ. ಆ ಊರಿನವರು ಭುಜಕ್ಕೆ ಭುಜ ತಾಗಿಸಿ ಕೂರುತ್ತಿದ್ದುದು ಸಾವಿನ ಮನೆಯಲ್ಲಿ ಮಾತ್ರ.

ಊರಿನಿಂದ ಪಕ್ಕದ ಪಟ್ಟಣಕ್ಕೆ ಕಬ್ಬಿಣದ ಕಂಬಿ ಹಾಸಿ, ಅದರ ಮೇಲೆ ಉದ್ದನೆಯದೊಂದು ಗಾಡಿ ಓಡಿಸುತ್ತಿದ್ದರು. ಎರಡು ಎತ್ತು ಎಳೆದರೆ ಐವತ್ತು ಜನ ಹಾಯಾಗಿ ಹೋಗಬಹುದಿತ್ತು. ಹತ್ತುತ್ತಿದ್ದವರು ಆನೆಯಿಲ್ಲದ ನಾಲ್ಕೈದು ಮಂದಿ. ಬಳೆ ಮಾರುವ ಹುಲಿಗೆವ್ವ ಅವರಲ್ಲೊಬ್ಬಳು. ಅವಳ ಒಬ್ಬಳೇ ಮಗಳು ಪಟ್ಟಣದಲ್ಲಿ ತುಂಬು ಬಸುರಿ. ಮೊದಲ ಹೆರಿಗೆಯಲ್ಲಿ ಕೂಸು ಉಳಿದಿರಲಿಲ್ಲ, ಈ ಸಲ ಪಕ್ಕದಲ್ಲೇ ಇರುತ್ತೇನೆಂದು ತಾಯಿ ಮಾತು ಕೊಟ್ಟಿದ್ದಳು. ಅವಳು ಗಾಡಿಯಲ್ಲಿ ಕುಳಿತು ಹೋಗುವಾಗ ಆನೆಯ ಮೇಲಿನವರು ಕನಿಕರದಿಂದ ಕೇಳುತ್ತಿದ್ದರು: “ಯಾರು ತೀರಿಕೊಂಡ್ರವಾ?”

ಆ ವರ್ಷ ಆನೆಗಳ ಮೇವಾದ ಕಬ್ಬಿನ ಬೆಲೆ ಏರಿತು. ಪಟ್ಟಣದಿಂದ ಕಬ್ಬು ತರಲು ಹೋದ ಆನೆ ಹೊತ್ತದ್ದನ್ನೆಲ್ಲ ದಾರಿಯಲ್ಲೇ ತಿಂದು ಬರಿಬೆನ್ನಲ್ಲಿ ಬರುತ್ತಿತ್ತು. ಅದಕ್ಕೆ ಮೇವು ಹೊರಲೆಂದು ಇನ್ನೊಂದು ಆನೆಯನ್ನು ಜೊತೆಗೆ ಕಳಿಸಿದರು. ಅದೂ ತಿಂದಿತು. ಕಡೆಗೆ ಊರಿನ ಹಿರಿಯರಾದ ದ್ಯಾಮಪ್ಪ ದೇಸಾಯರು ಸಭೆ ಕರೆದರು. ಎಲ್ಲರೂ ಅವರವರ ಆನೆಯ ಮೇಲೆ ಕುಳಿತೇ ಚರ್ಚಿಸಿದರು.

“ಕಂಬಿಗಾಡಿಗೆ ಖರ್ಚು ಭಾಳ ಕಡಿಮಿ ಅಂತರೀ,” ಎಂದನೊಬ್ಬ.

“ಅದರಾಗ ನಾವು ಕುಂಡ್ರೂದೇನು?” ದೇಸಾಯರು ಸಿಡಿದರು. ಆಮೇಲೆ ಯೋಚಿಸಿ ಹೇಳಿದರು: “ಅದರಾಗ ಆನಿ ನಿಂದರಸ್ರಿ. ಆನಿ ಮ್ಯಾಲೆ ನಾವು ಕುಂಡ್ರೂಣು.”

ಸಭೆ ತಲೆದೂಗಿತು. ಗಾಡಿಯ ಬೆಂಚುಗಳನ್ನು ಕಿತ್ತು ಒಲೆಗೆ ಹಾಕಿದರು.

ಆನೆಗಳು ಗಾಡಿ ಹತ್ತಿದ ದಿನವೇ ಮಗಳಿಗೆ ನೋವು ಶುರುವಾಗಿದೆಯೆಂಬ ಸುದ್ದಿ ಬಂತು. ಹುಲಿಗೆವ್ವ ಏದುಸಿರು ಬಿಡುತ್ತ ಗಾಡಿಯ ಹತ್ತಿರ ಓಡಿದಳು.

“ಯಮನೂರಪ್ಪಾ, ಒಂದು ಮೂಲ್ಯಾಗ ನಿಂದರ್ತೀನೋ. ಮಗಳು ಬ್ಯಾನಿ ತಿನ್ನಾಕತ್ಯಾಳ.”

ಗಾಡಿ ಹೊಡೆಯುವ ಯಮನೂರಪ್ಪನ ಮುಖ ಸಣ್ಣದಾಯಿತು. “ಯಕ್ಕಾ, ಇನ್ನ ಆನಿ ಇದ್ದೋರಿಗಷ್ಟ ಜಾಗ. ಹೊಸಾ ಹುಕುಂ ಆಗೈತಿ.”

ಅವಳಿಗೆ ಬೈಯುತ್ತ ನಿಲ್ಲಲು ಹೊತ್ತಿರಲಿಲ್ಲ, ಸೆರಗು ಬಿಗಿದು ನಡೆದೇ ಬಿಟ್ಟಳು. ಆನೆಗಳೆಲ್ಲ ಗಾಡಿಯಲ್ಲಿದ್ದುದರಿಂದ ರಸ್ತೆ ಖಾಲಿಯಿತ್ತು. ಅರ್ಧ ದಾರಿಯ ದಿಬ್ಬದಲ್ಲಿ ನೋಡಿದರೆ, ಎತ್ತುಗಳಿಗೆ ಎಳೆಯಲಾಗದೆ ಗಾಡಿ ನಿಂತುಬಿಟ್ಟಿದೆ. ಆನೆಗಳನ್ನು ಕೆಳಗಿಳಿಸಿ, ದಾರಿಗೆಂದು ತಂದಿದ್ದ ಕಬ್ಬನ್ನೆಲ್ಲ ತಿನ್ನಿಸಿ, ಖಾಲಿ ಗಾಡಿಯನ್ನು ಅವುಗಳಿಂದಲೇ ತಳ್ಳಿಸುತ್ತಿದ್ದರು. ಯಜಮಾನರು ಮೇಲೆ ಕುಳಿತು ಜೋರು ಮಾಡುತ್ತಿದ್ದರು. ಯಾರ ಭುಜವೂ ಯಾರಿಗೂ ತಾಗಿರಲಿಲ್ಲ.

ಹುಲಿಗೆವ್ವ ಅವರನ್ನು ದಾಟಿ ಹೋದಳು. ಮಗಳು ಅವಳ ಕೈ ಹಿಡಿದು ಹೆತ್ತಳು. ಕೂಸು ಅತ್ತಾಗ ಅಜ್ಜಿ ಅದಕ್ಕಿಂತ ಜೋರಾಗಿ ಅತ್ತಳು.

ಗಾಡಿ ಪಟ್ಟಣ ಮುಟ್ಟಿದ್ದು ಸಂಜೆಗೆ. ಮಗಳ ಗುಡಿಸಲ ಮುಂದೆ ಹುಲಿಗೆವ್ವ ಓಣಿಯ ಹೆಂಗಸರೊಡನೆ ಭುಜಕ್ಕೆ ಭುಜ ತಾಗಿಸಿ ಕುಳಿತಿದ್ದನ್ನು ಕಂಡು ದೇಸಾಯರು ಆನೆ ನಿಲ್ಲಿಸಿದರು.

“ಯಾರು ತೀರಿಕೊಂಡ್ರವಾ?”

“ಯಾರೂ ಇಲ್ರಿ ಧಣ್ಯಾರ. ಮೊಮ್ಮಗಳು ಹುಟ್ಯಾಳ. ನಡಕೊಂತ ಬಂದು ಮುಟ್ಟಿದೆ.”

“ನಡಕೊಂತ?” ದೇಸಾಯರ ಕಣ್ಣಲ್ಲಿ ನೀರಾಡಿತು. ಅವರೇನು ಕೆಟ್ಟವರಲ್ಲ. “ಇನ್ನ ನಿನಗ ಆ ತ್ರಾಸ ಬ್ಯಾಡ. ನಿನಗೂ ಗಾಡ್ಯಾಗ ಜಾಗ ಸಿಗಬೇಕು.” ಹಾಗೆಂದು ತಮ್ಮ ಆನೆಯ ಹಿಂದೆ ಬಂದಿದ್ದ ಮರಿಯನ್ನು ಅವಳಿಗೆ ಕೊಟ್ಟುಬಿಟ್ಟರು.

ಬೇಡವೆನ್ನಲು ಹುಲಿಗೆವ್ವ ಬಾಯಿ ತೆರೆದಳು. ಅಷ್ಟರಲ್ಲಿ ಅಳಿಯ ಖುಷಿಯಿಂದ ಹಗ್ಗ ತರಲು ಓಡಿದ್ದ. ಮರಿಯಾನೆ ಬಾಣಂತಿ ಮಲಗಿದ್ದ ಗುಡಿಸಲ ಸೂರಿನಿಂದ ಹುಲ್ಲು ಕಿತ್ತು ತಿನ್ನತೊಡಗಿತ್ತು.