ಕುರ್ಚಿಯ ಹಿಂದೆ

ಕಟಿಂಗ್ ಅಂಗಡಿಯಲ್ಲಿ ಮೂರು ಕುರ್ಚಿಗಳಿದ್ದವು. ಬಾಗಿಲ ಪಕ್ಕದ್ದು ಮಾಲೀಕನದು. ಅದರಲ್ಲಿ ಗಿರಾಕಿಗಳಿಗಿಂತ ಹೆಚ್ಚಾಗಿ ಅವನೇ ಕೂತು ಪೇಪರ್ ಓದುತ್ತಿದ್ದ. ನಡುವಿನದು ಎಲ್ಲರೂ ರೇಡಿಯೊ ಎನ್ನುತ್ತಿದ್ದವನದು. ಅವನ ಬಾಯಿ ನಿಲ್ಲುವುದು ಕರೆಂಟು ಹೋದಾಗ ಮಾತ್ರ ಎಂದು ಗಿರಾಕಿಗಳು ತಮಾಷೆ ಮಾಡುತ್ತಿದ್ದರು. ಕರೆಂಟು ಹೋದಾಗಲೂ ನಿಲ್ಲುತ್ತಿರಲಿಲ್ಲ. ಫ್ಯಾನಿನ ಗಾಳಿ ಅರ್ಧಂಬರ್ಧ ತಲುಪುವ ಮೂಲೆಯ ಕುರ್ಚಿ ಮೌನಿಯದು. ಹಾಗಂತ ಹೆಸರಿಟ್ಟವನು ರೇಡಿಯೊನೇ. "ಈ ಕಸುಬಲ್ಲಿ ಬಾಯಿ ಮುಚ್ಕೊಂಡು ಅನ್ನ ತಿಂದವನು ನೀನೊಬ್ಬನೇ ಕಣೋ," ಎನ್ನುತ್ತಿದ್ದ.

ಆ ಮೌನಕ್ಕೂ ಒಬ್ಬ ದೊಡ್ಡ ಗಿರಾಕಿ ಇದ್ದರು. ದೊಡ್ಡಾಸ್ಪತ್ರೆಯ ತರಬೇತಿ ಸಂಸ್ಥೆಯ ಡೈರೆಕ್ಟರು. ಒಂದು ಭಾನುವಾರ ಬಿಟ್ಟು ಒಂದು ಭಾನುವಾರ ಬರುತ್ತಿದ್ದರು. ಅವರು ಒಳಗೆ ಕಾಲಿಟ್ಟರೆ ಬೆಂಚಿನ ಮೇಲೆ ಕಾಯುತ್ತಿದ್ದವರು ತಾವಾಗಿಯೇ ಸರಿದುಕೊಳ್ಳುತ್ತಿದ್ದರು. ಯಾರೂ ಹೇಳುತ್ತಿರಲಿಲ್ಲ, ಯಾರೂ ಗೊಣಗುತ್ತಿರಲಿಲ್ಲ, ಅವರ ಸರದಿ ಮಾತ್ರ ಬಂದುಬಿಡುತ್ತಿತ್ತು. ಫ್ಯಾನಿನ ಕೆಳಗಿನ ಕುರ್ಚಿ ಖಾಲಿಯಿದ್ದರೂ ಅದನ್ನು ದಾಟಿ ಮೂಲೆಗೆ ಬಂದು ಕೂತು, ಮೌನಿ ಕುತ್ತಿಗೆಗೆ ಬಟ್ಟೆ ಕಟ್ಟುವ ಮೊದಲೇ ಮಾತು ಶುರು ಮಾಡುತ್ತಿದ್ದರು. ಮಗ ಫೋನ್ ಎತ್ತುವುದಿಲ್ಲ. ಹೆಂಡತಿಗೆ ಮಂಡಿನೋವು. ಮಿನಿಸ್ಟರ ಕಡೆಯವರ ಕಾಟ. ಅವರ ಮೂಲವ್ಯಾಧಿಯ ಆಪರೇಷನ್ನಿನ ವಿಷಯ ಅವರ ಸ್ವಂತ ತಮ್ಮನಿಗೂ ಗೊತ್ತಿರಲಿಲ್ಲ, ಮೌನಿಗೆ ಗೊತ್ತಿತ್ತು. ಮಾತೆಲ್ಲ ಕನ್ನಡಿಯ ಕಡೆಗೆ ಹೋಗಿ, ಕನ್ನಡಿಯಿಂದ ಮೌನಿಗೆ ಬರುತ್ತಿತ್ತು. ಅವನು "ಹೌದಾ ಸಾರ್", "ಅಯ್ಯೋ ಸಾರ್", "ತಲೆ ಸ್ವಲ್ಪ ಬಗ್ಗಿಸಿ ಸಾರ್" ಎನ್ನುತ್ತಿದ್ದ. ವರ್ಷಗಟ್ಟಲೆ ಇಷ್ಟೇ.

ಆ ವರ್ಷ ಮೌನಿಯ ಮಗಳು ಅದೇ ಸಂಸ್ಥೆಯ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಪರೀಕ್ಷೆ ಬರೆದು ಪಾಸಾದಳು. ಇನ್ನು ಉಳಿದಿದ್ದು ಇಂಟರ್‌ವ್ಯೂ. ಇಂಟರ್‌ವ್ಯೂ ಮಾಡುವವರಲ್ಲಿ ಹಿರಿಯರು ಡೈರೆಕ್ಟರು. ಯಾರಾದರೂ ಒಂದು ಮಾತು ಹೇಳದಿದ್ದರೆ ಅಲ್ಲಿ ಸೀಟು ಸಿಗುವುದಿಲ್ಲವೆಂದು ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ಸೀಟು ಸಿಕ್ಕರೆ ಆಸ್ಪತ್ರೆಯಲ್ಲೇ ಕೆಲಸ. ಸಿಗದಿದ್ದರೆ ಅವಳ ಅಮ್ಮ ಗುಂಡಿ ಹಾಕುವ ಟೈಲರ್ ಅಂಗಡಿಯಲ್ಲಿ ಇನ್ನೊಂದು ಸ್ಟೂಲು ಕಾದಿತ್ತು.

"ಆ ಮನುಷ್ಯನ ತಲೆ ನಿಮ್ಮ ಕೈಲೇ ಇರುತ್ತೆ," ಎಂದಳು ಹೆಂಡತಿ. "ಒಂದು ಮಾತು ಕಿವಿಗೆ ಹಾಕೋಕೆ ಏನ್ರೀ ಕಷ್ಟ? ಕಿವಿ ಅಲ್ಲೇ ಇರುತ್ತಲ್ಲ!"

"ಕುರ್ಚೀಲಿ ಕೂತವರ ಹತ್ರ ಏನೂ ಕೇಳಬಾರದು."

"ಯಾವ ಕಾನೂನು?"

"ನಿಮ್ಮಪ್ಪ ಹೇಳ್ಕೊಟ್ಟಿದ್ದು."

ಅವನಿಗೆ ತನ್ನ ಅಂಗಡಿಯಲ್ಲೇ ಕಸುಬು ಕಲಿಸಿದವನು ಮಾವನೇ. ಕ್ಷೌರದ ಕತ್ತಿ ಹಿಡಿಯುವುದನ್ನು ಕಲಿಸುವ ಮೊದಲೇ ಇದನ್ನು ಕಲಿಸಿದ್ದ: ಗಿರಾಕಿ ಕುತ್ತಿಗೆ ಕೊಟ್ಟು ಕೂತಿರುವಾಗ ಅವನ ಹತ್ತಿರ ಸಾಲ ಕೇಳಬೇಡ, ಸಹಾಯ ಕೇಳಬೇಡ, ಕೊನೆಗೆ ಬೀಡಿಗೆ ಬೆಂಕಿಯನ್ನೂ ಕೇಳಬೇಡ. ಯಾಕೆ ಎಂದು ಮಾವ ಹೇಳಿರಲಿಲ್ಲ, ಇವನೂ ಕೇಳಿರಲಿಲ್ಲ. ಮರ್ಯಾದೆಯ ಮಾತಿರಬೇಕು ಅಂದುಕೊಂಡಿದ್ದ.

"ನಮ್ಮಪ್ಪ ಏನೇನೋ ಹೇಳ್ತಿದ್ದ," ಎಂದಳು ಹೆಂಡತಿ. "ನಿಮ್ಮನ್ನ ಚುರುಕು ಹುಡುಗ ಅಂತಾನೂ ಹೇಳಿದ್ದ."

ಮಗಳು ಪುಸ್ತಕದಿಂದ ತಲೆ ಎತ್ತದೆ ನಕ್ಕಳು. ಆ ನಗುವಿಗಾಗಿ ಮೌನಿ, ಅಂಗಡಿಗೆ ರಜೆಯಿದ್ದ ದಿನ ಆಫೀಸಿಗೇ ಹೋಗಿ ಕೇಳುತ್ತೇನೆ ಎಂದುಬಿಟ್ಟ.

ಮದುವೆಗಳಿಗೆ ಹಾಕುವ ತುಂಬುತೋಳಿನ ಅಂಗಿ ಹಾಕಿಕೊಂಡು ಹೋದ. ಡೈರೆಕ್ಟರ ಕೋಣೆಯ ಹೊರಗೆ ಸ್ಟೂಲಿನ ಮೇಲೆ ಕೂತಿದ್ದ ಪ್ಯೂನು ಅವನನ್ನು ಚಪ್ಪಲಿಯಿಂದ ಕಾಲರಿನವರೆಗೆ ನೋಡಿದ.

"ಏನಾಗಬೇಕಿತ್ತು?"

"ಸಾರ್ ಹತ್ರ ಮಾತಾಡಬೇಕಿತ್ತು. ಸಾರ್ ನಂಗೆ ಗೊತ್ತು."

"ಸಾರ್ ಎಲ್ಲರಿಗೂ ಗೊತ್ತು. ನೀನು ಸಾರ್‌ಗೆ ಗೊತ್ತಾ?"

"ಗೊತ್ತು," ಎಂದ ಮೌನಿ. ಅವರ ಆಪರೇಷನ್ ಎಲ್ಲಿ ಆಗಿದೆ ಅಂತಾನೂ ಗೊತ್ತು ಎನ್ನಬೇಕೆನಿಸಿತು.

ಬೆಳಿಗ್ಗೆ ಬಂದವನು ಊಟದ ಹೊತ್ತು ಕಳೆಯುವವರೆಗೂ ಗೋಡೆಗೆ ಒರಗಿ ನಿಂತಿದ್ದ. ಟೈ ಕಟ್ಟಿದವರು ಬಂದ ಹಾಗೇ ಒಳಗೆ ಹೋದರು. ಪ್ಯೂನು ಅವರಿಗಾಗಿ ಎದ್ದು, ಅವರು ಹೋದ ಮೇಲೆ ಕೂತು, ಮತ್ತೆ ಎದ್ದು ತಾನೂ ಸುಸ್ತಾಗಿದ್ದ. ಕೊನೆಗೆ, "ಹೋಗು ಮಾರಾಯ, ಬೇಗ ಮುಗಿಸು," ಎಂದು ಬಾಗಿಲು ತಳ್ಳಿದ.

ಒಳಗೆ ಎಸಿಯ ತಣ್ಣನೆ ಗಾಳಿ. ಗಾಜು ಹಾಸಿದ ಅಗಲವಾದ ಮೇಜು. ಅದರ ಆಚೆ ಡೈರೆಕ್ಟರು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಏನೋ ಸಹಿ ಮಾಡುತ್ತಿದ್ದರು. ಕಣ್ಣೆತ್ತದೆ, "ಹೂಂ, ಹೇಳಿ," ಎಂದರು. ಅದು ತನಗೋ ಫೋನಿಗೋ ಮೌನಿಗೆ ತಿಳಿಯಲಿಲ್ಲ.

ಎದುರಿಗೆ ನಿಂತು ನೋಡಿದರೆ ಆ ಮುಖ ಬೇರೆ ಯಾರದೋ ಆಗಿತ್ತು. ಕನ್ನಡಿಯಲ್ಲಿ ಎಡಕ್ಕೆ ಕಾಣುತ್ತಿದ್ದ ಕೆನ್ನೆಯ ಮಚ್ಚೆ ಇಲ್ಲಿ ಬಲಕ್ಕೆ ಬಂದಿತ್ತು. ಇಷ್ಟು ವರ್ಷದಲ್ಲಿ ಒಮ್ಮೆಯೂ ಈ ಮನುಷ್ಯನ ಎದುರಿಗೆ ನಿಂತಿಲ್ಲ ಎಂದು ಅವನಿಗೆ ಹೊಳೆದದ್ದೇ ಆಗ. ಕೈಯನ್ನು ಎಲ್ಲಿಡಬೇಕೆಂದು ಗೊತ್ತಾಗಲಿಲ್ಲ. ಕಟ್ಟಿಕೊಂಡ, ಬಿಟ್ಟ, ಜೇಬಿಗೆ ಹಾಕಿದ, ತೆಗೆದ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತಿನ ಮೊದಲ ಪದವೇ ನೆನಪಾಗಲಿಲ್ಲ.

ಆಮೇಲೆ ಮಾಡಿದ್ದನ್ನು ಅವನು ಯೋಚಿಸಿ ಮಾಡಲಿಲ್ಲ. ಕಾಲುಗಳೇ ಮಾಡಿದವು. ಮೇಜನ್ನು ಸುತ್ತಿಕೊಂಡು ಹೋಗಿ ಡೈರೆಕ್ಟರ ಕುರ್ಚಿಯ ಹಿಂದೆ ನಿಂತ.

ನಿಂತ ಕೂಡಲೇ ಉಸಿರು ಸರಾಗವಾಯಿತು. ಎಲ್ಲ ಗುರುತು ಸಿಕ್ಕಿತು. ನೆತ್ತಿಯ ಸುಳಿ, ಕಿವಿಯ ಹಿಂದಿನ ಮಡಿಕೆ, ತಾನೇ ನೇರ ಮಾಡಿದ್ದ ಕುತ್ತಿಗೆಯ ಕೂದಲಿನ ಅಂಚು. ಇನ್ನು ಮಾತಾಡಬಹುದು ಅನ್ನಿಸಿತು.

"ಸಾರ್, ನಮ್ಮ ಮಗಳು..."

ಡೈರೆಕ್ಟರು ಕಿರುಚಿದರು. ಕುರ್ಚಿ ಗಿರಕ್ಕನೆ ತಿರುಗಿತು, ಫೋನು ಕೆಳಗೆ ಬಿತ್ತು. "ಯಾರು ನೀನು? ಹಿಂದೆ ಯಾಕೆ ಬಂದೆ? ಏಯ್, ಯಾರಿದೀರಿ ಅಲ್ಲಿ!"

ಪ್ಯೂನು ಓಡಿಬಂದು ಅವನ ಭುಜ ಹಿಡಿದ. ಮೌನಿ "ತಪ್ಪಾಯ್ತು ಸಾರ್, ತಪ್ಪಾಯ್ತು," ಎನ್ನುತ್ತಲೇ ಹೊರಗೆ ಬಿದ್ದ. ಡೈರೆಕ್ಟರು ಬಗ್ಗಿ ಫೋನು ಹುಡುಕುತ್ತಿದ್ದರು. ಅವನ ಮುಖ ನೋಡಲಿಲ್ಲ.

"ಏನಯ್ಯಾ ನೀನು," ಎಂದ ಪ್ಯೂನು ಮೆಟ್ಟಿಲವರೆಗೆ ಬಂದು. ಅವನಿಗೆ ಸಿಟ್ಟಿಗಿಂತ ಬೇಸರವೇ ಹೆಚ್ಚಾಗಿತ್ತು. "ಕೇಳೋಕೆ ಬಂದವನು ಎದುರಿಗೆ ನಿಂತ್ಕೋಬೇಕು. ಹಿಂದೆ ಹೋಗಿ ನಿಂತ್ರೆ ಯಾರಾದ್ರೂ ಹೆದರಲ್ವಾ? ನನ್ನ ಕೆಲಸಕ್ಕೂ ಕಲ್ಲು ಹಾಕ್ತಿದ್ದೆ."

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ಕೇಳಿದಳು. "ಹೇಳಿದ್ರಾ?"

"ಹೇಳಿದೆ."

"ಏನಂದ್ರು?"

"ನೋಡೋಣ ಅಂದ್ರು."

"ನೋಡೋಣ ಅಂದ್ರೆ ಆಯ್ತು ಬಿಡಿ. ದೊಡ್ಡವರು ಹೂಂ ಅನ್ನಲ್ಲ, ನೋಡೋಣ ಅಂತಾರೆ." ಅವಳು ಅಂದು ಪಕ್ಕದ ಮನೆಯವಳಿಗೂ ಹೇಳಿಬಂದಳು. ಮಗಳು ಮಾತ್ರ ಅಪ್ಪನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಪುಸ್ತಕಕ್ಕೆ ಮರಳಿದಳು.

ಇಂಟರ್‌ವ್ಯೂ ಇದ್ದದ್ದು ಸೋಮವಾರ. ಅದರ ಹಿಂದಿನ ದಿನ ಡೈರೆಕ್ಟರ ಭಾನುವಾರ.

ಅವರು ಬಂದರು. ಬೆಂಚು ಸರಿಯಿತು. ಮೂಲೆಯ ಕುರ್ಚಿಯಲ್ಲಿ ಕೂತು ತಲೆ ಹಿಂದಕ್ಕೊರಗಿಸಿ, "ಏನಪ್ಪಾ, ಹೇಗಿದೀಯ?" ಎಂದರು. ಆ ಪ್ರಶ್ನೆಗೆ ಅವರು ಯಾವತ್ತೂ ಉತ್ತರ ಕಾದವರಲ್ಲ. ಮೌನಿ ಬಟ್ಟೆ ಕಟ್ಟಿದ. ಕೂದಲು ಕತ್ತರಿಸುವಷ್ಟು ಹೊತ್ತೂ ಅವರು ಮಗನ ವಿಷಯ ಮಾತಾಡಿದರು. ಮುಖಕ್ಕೆ ನೊರೆ ಹಚ್ಚಿ ಮೌನಿ ಬಲಗೆನ್ನೆ ಬೋಳಿಸಿ ಮುಗಿಸಿದಾಗ ನಕ್ಕರು.

"ಮೊನ್ನೆ ಏನಾಯ್ತು ಗೊತ್ತಾ? ಯಾವನೋ ಒಬ್ಬ ಸೀದಾ ನನ್ನ ರೂಮಿಗೆ ನುಗ್ಗಿಬಿಟ್ಟ. ಬಂದವನು ಎದುರಿಗೆ ನಿಂತು ಮಾತಾಡೋದು ಬಿಟ್ಟು, ಕಳ್ಳನ ಥರ ನನ್ನ ಬೆನ್ನ ಹಿಂದೆ ಬಂದು ನಿಂತಿದಾನೆ! ಎದೆ ಒಡೆದುಹೋಯ್ತು ನಂಗೆ."

"ಒಳ್ಳೆ ಕಥೆ ಆಯ್ತಲ್ಲ ಸಾರ್," ಎಂದ ರೇಡಿಯೊ ನಡುವಿನ ಕುರ್ಚಿಯಿಂದ. "ಹುಚ್ಚನಾ?"

"ಹುಚ್ಚನೋ, ಯಾರಾದ್ರೂ ಕಳಿಸಿದ್ರೋ. ಈಗಿನ ಕಾಲ ಹೇಳೋಕಾಗಲ್ಲಪ್ಪ. ಕತ್ತು ಕುಯ್ದು ಹೋದ್ರೂ ಕೇಳೋರಿಲ್ಲ."

ಇಷ್ಟು ಹೇಳಿ ಅವರು ಗಲ್ಲ ಮೇಲೆತ್ತಿ ಕತ್ತು ಕೊಟ್ಟರು.

ಮೌನಿ ಕನ್ನಡಿ ನೋಡಿದ. ಅಲ್ಲಿ ಅವನ ಮುಖವೂ ಇತ್ತು, ಅವರ ತಲೆಯ ಮೇಲುಗಡೆ, ಎಂದಿನಂತೆ. ಡೈರೆಕ್ಟರು ಕನ್ನಡಿಯನ್ನೇ ನೋಡುತ್ತಿದ್ದರು. ಅವರು ನೋಡುತ್ತಿದ್ದುದು ತಮ್ಮನ್ನು. ಇಷ್ಟು ವರ್ಷವೂ ಅಷ್ಟೇ ಇರಬೇಕು.

ಸುಮ್ಮನಿದ್ದರೆ ಎಲ್ಲ ಸರಿಯಿರುತ್ತಿತ್ತು. ಅವರು ಎದ್ದು ಹೋಗುತ್ತಿದ್ದರು, ಮತ್ತೆ ಬರುತ್ತಿದ್ದರು. ಆದರೆ ನಾಳೆ ಬೆಳಿಗ್ಗೆ ಮಗಳು ಆ ಕೋಣೆಗೆ ಹೋಗುವವಳಿದ್ದಳು. ಹೆಂಡತಿ ಪಕ್ಕದ ಮನೆಯವಳಿಗೂ ಹೇಳಿಬಂದಿದ್ದಳು. ಮೌನಿ ಕತ್ತಿಯನ್ನು ಅವರ ಗಂಟಲಿನ ಕೆಳಗಿಟ್ಟು ಮೇಲಕ್ಕೊಂದು ಎಳೆ ಎಳೆದ. ಎರಡನೇ ಎಳೆಗೆ ಕತ್ತಿ ಇಟ್ಟವನು ಅಲ್ಲಿಯೇ ನಿಲ್ಲಿಸಿದ.

"ಅದು ನಾನೇ ಸಾರ್," ಎಂದ.

"ಯಾವುದು?"

"ನಿಮ್ಮ ಹಿಂದೆ ನಿಂತವನು. ಎದುರಿಗೆ ನಿಂತ್ರೆ ಮಾತು ಬರಲಿಲ್ಲ ಸಾರ್. ನಮ್ಮ ಮಗಳು ನಾಳೆ ಇಂಟರ್‌ವ್ಯೂಗೆ ಬರ್ತಾಳೆ. ಲ್ಯಾಬ್ ಕೋರ್ಸು. ಪರೀಕ್ಷೆ ಚೆನ್ನಾಗಿ ಮಾಡಿದಾಳೆ. ನೀವು ಸ್ವಲ್ಪ..."

ಡೈರೆಕ್ಟರ ಕಣ್ಣು ಕನ್ನಡಿಯಲ್ಲಿ ಮೇಲಕ್ಕೆ ಬಂತು. ಮೊದಲ ಸಲ ಅವನ ಕಣ್ಣಿಗೆ ತಾಗಿತು. ಆಮೇಲೆ ಅದು ಕೆಳಗಿಳಿದು ಕತ್ತಿಯ ಮೇಲೆ ನಿಂತಿತು.

"ಆಗಲಿ," ಎಂದರು ತುಟಿ ಹೆಚ್ಚು ಅಲ್ಲಾಡಿಸದೆ. "ಆಗಲಿ ಆಗಲಿ. ಖಂಡಿತ. ಮಾಡೋಣ."

"ನಿಮಗೆ ತೊಂದರೆ ಆಗಬಾರದು ಅಂತ ಇಷ್ಟು ದಿನ..."

"ತೊಂದರೆ ಏನಿಲ್ಲ. ಮಾಡೋಣಪ್ಪ, ಅದಕ್ಕೇನು. ಆಯ್ತು."

ಹೇಳುವಾಗ ಅವರ ಗಂಟಲ ಗಂಟು ಕತ್ತಿಯ ಅಲಗಿನ ಪಕ್ಕದಲ್ಲೇ ಮೇಲಕ್ಕೆ ಹೋಗಿ ಕೆಳಗೆ ಬಂತು. ಬಟ್ಟೆಯ ಒಳಗೆ ಅವರ ಕೈಗಳು ಕುರ್ಚಿಯ ಹಿಡಿಯನ್ನು ಹಿಡಿದುಕೊಂಡಿದ್ದು ಮೌನಿಗೆ ಕಂಡಿತು. ಮಾವ ಹೇಳದೆ ಬಿಟ್ಟದ್ದು ಅವನಿಗೆ ಆಗ ತಿಳಿಯಿತು. ತಿಳಿದು ಏನು ಪ್ರಯೋಜನ. ಅವನು ಕತ್ತಿಯನ್ನು ನಿಧಾನವಾಗಿ ತೆಗೆದ. ತೆಗೆದು ಎರಡು ಹೆಜ್ಜೆ ಹಿಂದೆ ಸರಿದ.

"ಸಾಕು," ಎಂದರು ಡೈರೆಕ್ಟರು. ಬಟ್ಟೆಯನ್ನು ತಾವೇ ಕಿತ್ತರು.

"ಸಾರ್, ಎಡಗಡೆ ಇನ್ನೂ..."

"ಸಾಕಪ್ಪ, ಕೆಲಸ ಇದೆ." ಟವಲಿನಿಂದ ನೊರೆ ಒರೆಸಿಕೊಂಡು, ಒಂದು ಕೆನ್ನೆ ನುಣ್ಣಗೆ, ಒಂದು ಕೆನ್ನೆ ಒರಟಾಗಿ, ಬಾಗಿಲು ದಾಟಿದರು.

ಮಾಲೀಕ ಪೇಪರ್ ಮಡಿಸಿ, "ಬಾಯಿ ಬಿಡೋಕೆ ಇವತ್ತೇ ಬೇಕಿತ್ತೇನೋ ನಿಂಗೆ?" ಎಂದ.

ಸೋಮವಾರ ಮಗಳು ಮಧ್ಯಾಹ್ನವೇ ಬಂದಳು. ಸೀದಾ ಅಂಗಡಿಗೆ ಬಂದು ಬೆಂಚಿನ ತುದಿಯಲ್ಲಿ ಕೂತಳು. ಗಿರಾಕಿಗಳಿರಲಿಲ್ಲ. ಮೌನಿ ಬಾಚಣಿಗೆಗಳನ್ನು ತೊಳೆಯುತ್ತಿದ್ದ.

"ಏನು ಕೇಳಿದ್ರು?"

"ಮಿಕ್ಕವರು ಪಾಠದ ಬಗ್ಗೆ ಕೇಳಿದ್ರು, ಹೇಳ್ದೆ. ಡೈರೆಕ್ಟರು ಒಂದೇ ಕೇಳಿದ್ದು. ನಿಮ್ಮ ತಂದೆ ಏನು ಮಾಡ್ತಾರೆ ಅಂತ."

"ನೀನೇನಂದೆ?"

"ಏನನ್ನಲಿ? ಇದ್ದದ್ದು ಹೇಳ್ದೆ. ಎಲ್ಲಿ ಅಂತ ಕೇಳಿದ್ರು. ಅಂಗಡಿ ಹೇಳ್ದೆ. ಆಮೇಲೆ ನನ್ನ ಕಡೆ ನೋಡಲೇ ಇಲ್ಲ. ಬ್ಯೂಟಿ ಪಾರ್ಲರ್ ಕೋರ್ಸೂ ಇದೆ, ನಿಮ್ಮಂಥವರಿಗೆ ಬೇಗ ಕೈ ಹಿಡಿಯುತ್ತೆ ಅಂದ್ರು. ಬೆಲ್ ಒತ್ತಿದ್ರು." ಅವಳು ಚಪ್ಪಲಿಯ ಬೆಲ್ಟನ್ನು ಬಿಚ್ಚಿ ಮತ್ತೆ ಹಾಕಿಕೊಂಡಳು. "ಕೆನ್ನೆ ಕುಯ್ಕೊಂಡಿದ್ರು. ಹತ್ತಿ ಅಂಟಿಸ್ಕೊಂಡು ಕೂತಿದ್ರು."

"ಯಾವ ಕಡೆ?"

"ಎಡಗಡೆ."

"ಅಲ್ಲಿ ಕೂದಲು ಅಡ್ಡ ಬೆಳೆಯುತ್ತೆ," ಎಂದ ಮೌನಿ. "ನೀರು ಜಾಸ್ತಿ ಹಚ್ಚಬೇಕು."

"ಅಪ್ಪ!"

ಅವನು ಬಾಚಣಿಗೆ ತೊಳೆಯುವುದನ್ನು ನಿಲ್ಲಿಸಿದ.

"ನೀನು ಆವತ್ತು ಆಫೀಸಲ್ಲಿ ಏನೂ ಹೇಳಿರಲಿಲ್ಲ ಅಲ್ವಾ?"

"ಇಲ್ಲ. ನಿನ್ನೆ ಹೇಳ್ದೆ. ಇಲ್ಲಿ."

ಅವಳು ಮೂಲೆಯ ಕುರ್ಚಿಯನ್ನು ನೋಡಿದಳು, ಮೇಜಿನ ಮೇಲಿದ್ದ ಕತ್ತಿಯನ್ನು ನೋಡಿದಳು. ತಾತನ ಅಂಗಡಿಯಲ್ಲಿ ಆಡಿ ಬೆಳೆದವಳು, ಬಿಡಿಸಿ ಹೇಳಬೇಕಾಗಲಿಲ್ಲ. ಬಯ್ಯುತ್ತಾಳೆಂದು ಮೌನಿ ಕಾದ. ಬಯ್ದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು.

"ಮುಂದಿನ ವರ್ಷ ಮತ್ತೆ ಬರೀತೀನಿ," ಎಂದಳು. "ಆಗ ಯಾರಿಗೂ ಹೇಳಬೇಡ."

ಆಯ್ಕೆಯಾದವರ ಹೆಸರನ್ನು ವಾರದ ಕೊನೆಗೆ ಬೋರ್ಡಿಗೆ ಹಾಕಿದರು. ಅವಳು ನೋಡಲು ಹೋಗಲಿಲ್ಲ, ಅವಳಮ್ಮ ಹೋಗಿಬಂದಳು. ಬಂದವಳು ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು, ಆಮೇಲೆ ಅವನಿಗೆ ಊಟಕ್ಕೆ ಬಡಿಸಿದಳು. ಸೋಮವಾರದಿಂದ ಮಗಳು ಅವಳ ಜೊತೆ ಟೈಲರ್ ಅಂಗಡಿಗೆ ಹೊರಟಳು. ಚೀಲದಲ್ಲಿ ಪುಸ್ತಕವಿತ್ತು. ಅಲ್ಲಿ ಓದಲು ಬಿಡುತ್ತಾರೆಂದು ಯಾರಿಗೂ ನಂಬಿಕೆಯಿರಲಿಲ್ಲ.

ಡೈರೆಕ್ಟರು ಮತ್ತೆ ಬರಲಿಲ್ಲ. ಅವರ ಭಾನುವಾರ ಬಂದಾಗ ಬೆಂಚಿನವರು ಅಭ್ಯಾಸಬಲದಿಂದ ಒಂದೆರಡು ಸಲ ಬಾಗಿಲ ಕಡೆ ನೋಡಿದರು. ರೇಡಿಯೊ, "ಮೌನಿ, ನಿನ್ನ ಭಾನುವಾರದ ತಲೆ ಎಲ್ಲಪ್ಪ?" ಎಂದು ಶುರು ಮಾಡಿ, ಅವನ ಮುಖ ನೋಡಿ ತನ್ನ ಗಿರಾಕಿಯ ಕಡೆ ತಿರುಗಿದ.

ಒಬ್ಬ ಹೊಸಬ ಬಂದು ಮೂಲೆಯ ಕುರ್ಚಿಯಲ್ಲಿ ಕೂತ. ಒಳ್ಳೆಯ ಶರ್ಟು, ದುಬಾರಿ ಗಡಿಯಾರ. ಮೌನಿ ಬಟ್ಟೆ ಕಟ್ಟಿದ. ಹೊಸಬನಿಗೆ ಮಾತು ಬೇಕಿತ್ತು.

"ಎಷ್ಟು ಜನ ಮಕ್ಕಳು ನಿನಗೆ?" ಎಂದು ಕನ್ನಡಿಯನ್ನು ಕೇಳಿದ.

"ಒಬ್ಬಳೇ ಸಾರ್. ಮಗಳು."

"ಏನು ಮಾಡ್ತಾಳೆ?"

ಮೌನಿ ಕತ್ತರಿ ಎತ್ತಿಕೊಂಡ.

"ತಲೆ ಸ್ವಲ್ಪ ಬಗ್ಗಿಸಿ ಸಾರ್," ಎಂದ.