ಸೋವಿ ಡಬ್ಬಿಯ ಚಪ್ಪಟೆ ಮೂತಿ

ನಾನು ಒಂದು ಸ್ಕ್ರೂಡ್ರೈವರ್ ಬಿಟ್. ಕಿರುಬೆರಳಿನ ಅರ್ಧದಷ್ಟು ಉದ್ದದ, ಚಪ್ಪಟೆ ಮೂತಿಯ ಉಕ್ಕಿನ ತುಂಡು. ನನಗೆ ಸ್ವಂತ ಹಿಡಿ ಇಲ್ಲ. ಡಬ್ಬಿಯ ತುಂಬ ನನ್ನಂಥ ಮೂತಿಗಳು, ಎಲ್ಲರಿಗೂ ಸೇರಿ ಒಂದೇ ಹಿಡಿ. ಯಾರ ಕೆಲಸ ಬೀಳುತ್ತದೋ ಅವರನ್ನು ಅದಕ್ಕೆ ಸಿಕ್ಕಿಸಿ ತಿರುಗಿಸುತ್ತಾರೆ. ಹುಟ್ಟಿನಿಂದಲೇ ನನಗೊಂದು ಚಟ. ಸ್ಕ್ರೂ ಕಂಡರೆ ಸಾಕು, ಅದರ ಹಿಂದೆ ಏನಿದೆಯೆಂದು ನೋಡದೆ ಜೀವ ತಡೆಯುವುದಿಲ್ಲ.

ನನ್ನ ಹುಟ್ಟಿನ ಬಗ್ಗೆ ಜಂಬ ಕೊಚ್ಚಿಕೊಳ್ಳುವಂಥದ್ದೇನೂ ಇಲ್ಲ. ಯಾವುದೋ ಊರಿನ ತಗಡಿನ ಶೆಡ್ಡು, ಯಾವ ಗುಜರಿಯಿಂದ ಬಂದ ಉಕ್ಕೋ ದೇವರೇ ಬಲ್ಲ. ನಮ್ಮನ್ನು ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಚೆನ್ನಾಗಿ ಹದ ಹಾಕಬೇಕಿತ್ತು. ನಮ್ಮ ಪಾಳಿ ಬರುವ ಹೊತ್ತಿಗೆ ಕೆಲಸದವರಿಗೆ ಊಟದ ಹೊತ್ತಾಗಿತ್ತು. ಅರೆಬರೆ ಕಾದ ನಮ್ಮನ್ನು ಹಾಗೇ ಅದ್ದಿ ತೆಗೆದು, ಮೇಲೊಂದು ಹೊಳಪು ಬಳಿದು, ಪ್ಲಾಸ್ಟಿಕ್ ಡಬ್ಬಿಗೆ ತುಂಬಿದರು. ಮೈ ಫಳಫಳ, ಒಳಗೆ ಮೆತ್ತಗೆ. ಹೀಗೆ ನಾವು ಲೋಕಕ್ಕೆ ಬಂದೆವು.

ಗದಗಿನ ಒಂದು ಹಾರ್ಡ್‌ವೇರ್ ಅಂಗಡಿಯ ಬಾಗಿಲ ಮೊಳೆಗೆ ನಮ್ಮನ್ನು ತೂಗುಹಾಕಿದರು. ಒಳಗೆ ಗಾಜಿನ ಕಪಾಟಿನಲ್ಲಿ ಇನ್ನೊಂದು ಸೆಟ್ ಇತ್ತು. ಕರಿ ಉಕ್ಕಿನ ಪೆಟ್ಟಿಗೆ, ಪ್ರತಿಯೊಂದು ಮೂತಿಗೂ ಅದರದೇ ಗೂಡು. ಅವರು ಬೀದಿಯ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ನಮಗೋ ಬೀದಿಯ ಧೂಳು, ಬೀದಿಯ ಸುದ್ದಿ, ಎರಡೂ ಧಾರಾಳವಾಗಿ ಸಿಗುತ್ತಿದ್ದವು.

ಒಂದು ಸಂಜೆ ತಾಯಿ ಮಗಳು ಬಂದರು. ಮಗಳು ಗಂಗಾಂಬಿಕಾ, ಆಸ್ಪತ್ರೆಯಲ್ಲಿ ನರ್ಸ್. ತಾಯಿ ಚೆನ್ನವ್ವ, ಬೆಟಗೇರಿಯ ಹೆಂಗಸರ ಭಜನೆಯ ಬಳಗಕ್ಕೆ ಪೇಟಿ ಬಾರಿಸಿ ಹಾಡುವವಳು. ಅಲ್ಲಿ ಹಾರ್ಮೋನಿಯಮ್ಮಿಗೆ ಪೇಟಿ ಎಂದೇ ಹೆಸರು. ಅಂಗಡಿಯವನು ಕರಿ ಪೆಟ್ಟಿಗೆ ತೆಗೆದು ಮುಂದಿಟ್ಟ.

“ಇದನ್ನ ತಗೋರಿ ಅಕ್ಕಾರ. ಒಮ್ಮೆ ತಗೊಂಡ್ರ ಮಕ್ಕಳ ಕಾಲಕ್ಕೂ ಬರ್ತೈತಿ.”

“ಮಕ್ಕಳ ಕಾಲದ್ದು ಮಕ್ಕಳು ನೋಡ್ಕೋತಾರ,” ಎಂದಳು ಚೆನ್ನವ್ವ. “ಆ ಮೊಳಿಗೆ ತೂಗಹಾಕಿದ್ದು ತೋರಸೋ ತಮ್ಮಾ.”

“ಅವ್ವಾ, ಅದು ಬಾಳಿಕಿ ಬರಂಗಿಲ್ಲ,” ಎಂದಳು ಗಂಗಾಂಬಿಕಾ.

“ನೀ ಏನ್ ವಿಮಾನ ರಿಪೇರಿ ಮಾಡಾಕಿ? ಮನ್ಯಾಗಿಂದೆಲ್ಲಾ ಬಿಚ್ಚಿ ಇಡೋ ಚಟ ನಿಂದು. ಬಿಚ್ಚಾಕ ಇದು ಸಾಕು.”

ಅಲ್ಲಿಗೆ ನಮ್ಮ ಋಣಾನುಬಂಧ ಕೂಡಿಬಂತು. ಮಗಳಿಗೂ ನನ್ನದೇ ಚಟ ಎಂದು ಕೇಳಿ ನನಗೆ ಖುಷಿಯೋ ಖುಷಿ.

ಆ ಮನೆಯಲ್ಲಿ ಏನೇನು ನೋಡಲಿಲ್ಲ! ಗೋಡೆ ಗಡಿಯಾರದ ಹಲ್ಲಿನ ಚಕ್ರಗಳು, ಇಸ್ತ್ರಿಪೆಟ್ಟಿಗೆಯ ಹೊಟ್ಟೆಯ ಸುರುಳಿ, ರೇಡಿಯೋದೊಳಗೆ ಮನೆ ಮಾಡಿದ್ದ ಒಂದು ಜೇಡ. ಆದರೆ ಬಿಗಿಯಾದ ಸ್ಕ್ರೂಗಳ ಜೊತೆ ಜಟಾಪಟಿಗೆ ಬಿದ್ದ ನನ್ನ ಅಣ್ಣ ತಮ್ಮಂದಿರು, ಪ್ಲಸ್ ಮೂತಿಯವರು, ಒಬ್ಬೊಬ್ಬರಾಗಿ ಸವೆದು ಬೋಳಾದರು. ಮಿಕ್ಸರಿನ ತಳದ ಸ್ಕ್ರೂ ಒಂದೇ ಇಬ್ಬರನ್ನು ತಿಂದು ಹಾಕಿತು.

ಗಂಗಾಂಬಿಕಾ ಬಿಚ್ಚದೆ ಬಿಟ್ಟಿದ್ದು ಪೇಟಿಯೊಂದನ್ನೇ. ಒಮ್ಮೆ ನನ್ನನ್ನು ಕೈಯಲ್ಲಿ ಹಿಡಿದು ಅದರ ಮೇಲಿನ ಮುಚ್ಚಳ ಎತ್ತಿದಳು. ಒಳಗೆ ಮರದ ಹಲಗೆಯೊಂದನ್ನು ಹಿತ್ತಾಳೆಯ ಹಳೇ ಸ್ಕ್ರೂಗಳು ಅಮುಕಿ ಹಿಡಿದಿದ್ದವು. ಮುಚ್ಚಳದ ಒಳಮೈಯಲ್ಲಿ ಒಂದು ಪುಟ್ಟ ಗುಳಿ ಕೊರೆದಿತ್ತು, ಖಾಲಿ. ಅದು ಯಾತಕ್ಕೆ? ಹಲಗೆಯ ಹಿಂದೆ ಏನಿದೆ? ನಾನು ತುದಿಗಾಲಲ್ಲಿ ನಿಂತಿದ್ದೆ. ಅಷ್ಟರಲ್ಲಿ ಚೆನ್ನವ್ವ ಬಂದು ಗದರಿದಳು: “ಏ, ಅದನ್ನ ಮುಟ್ಟಿದ್ರ ಕೈ ಮುರಿತೀನಿ ನೋಡ್!” ಮುಚ್ಚಳ ಮುಚ್ಚಿಹೋಯಿತು. ನನ್ನ ಹೊಟ್ಟೆಯಲ್ಲಿ ಆ ಪ್ರಶ್ನೆ ಹಾಗೇ ಉಳಿಯಿತು.

ಕೊನೆಗೆ ಗಂಗಾಂಬಿಕಾ ತಾಯಿಗೆ ಹೇಳದೆ ಆ ಕರಿ ಪೆಟ್ಟಿಗೆ ಕೊಂಡು ತಂದಳು. ಸುಳ್ಳು ಯಾಕೆ ಹೇಳಲಿ, ಅವರ ಕೆಲಸವೇ ಕೆಲಸ. ಮಿಕ್ಸರಿನ ಸ್ಕ್ರೂ ಅವರ ಮುಂದೆ ಕಮಕ್ ಕಿಮಕ್ ಎನ್ನಲಿಲ್ಲ. ನಮ್ಮ ಡಬ್ಬಿ ಮೂಲೆ ಸೇರಿತು. ನನ್ನೊಬ್ಬನನ್ನು ಅಡುಗೆಮನೆಯ ಸೆಳೆಖಾನೆಗೆ ಹಾಕಿದರು, ಬೆಲ್ಲದ ಡಬ್ಬಿಯ ಮುಚ್ಚಳ ಎಬ್ಬಿಸುವುದಕ್ಕೆ. ಒಂದು ಕಾಲಕ್ಕೆ ಗಡಿಯಾರ ಬಿಚ್ಚಿದ್ದ ಮೂತಿಗೆ ಈಗ ಇರುವೆಗಳು ಮುತ್ತುತ್ತಿದ್ದವು. ಬೇಜಾರಾಗಿತ್ತು, ನಿಜ.

ಹೀಗಿರುವಾಗ ಚೆನ್ನವ್ವನಿಗೆ ಲಕ್ವಾ ಹೊಡೆಯಿತು. ಬಲಗೈ ಬಿತ್ತು, ಮಾತು ನಿಂತಿತು. ಅಷ್ಟು ಮಾತಿನ ಹೆಂಗಸು ಪಡಸಾಲೆಯ ಮಂಚದ ಮೇಲೆ ಬರೀ ಕಣ್ಣು ಹೊರಳಿಸುತ್ತ ಕೂತಳು. ಅವಳು ಗದರುವುದನ್ನು ಕೇಳದೆ ಅಡುಗೆಮನೆಯ ಪಾತ್ರೆಗಳಿಗೂ ಭಣಭಣ ಎನಿಸಿರಬೇಕು. ಮಾತು ಹೋದವರಿಗೆ ಕೆಲವೊಮ್ಮೆ ಹಾಡು ಉಳಿದಿರುತ್ತದೆ, ಹಾಡಿಸಿ ನೋಡಿ ಎಂದರಂತೆ ಡಾಕ್ಟರು. ಗಂಗಾಂಬಿಕಾ ಪೇಟಿಯನ್ನು ಮಂಚದ ಹತ್ತಿರ ಎಳೆದು, ತಿದಿ ಒತ್ತಿ, ತಾಯಿಯ ಷಡ್ಜ ಹಿಡಿದಳು. ಚೆನ್ನವ್ವ ಬಾಯಿ ತೆರೆದಳು. “ಸಾ…” ಎಂದು ದನಿ ಬಂತು! ಒರಟು ದನಿ, ನಡುಗುವ ದನಿ, ಆದರೆ ಚೆನ್ನವ್ವನದೇ ದನಿ. ಆಮೇಲೆ ದಿನಾ ಸಂಜೆ ಅದೇ ಪಾಠ. ಆ ಸ್ವರದ ಬಾಲ ಹಿಡಿದು ಒಂದೊಂದು ಅಕ್ಷರ ಹೊರಗೆ ಬರತೊಡಗಿತು.

ಒಂದು ಸಂಜೆ ಬೆರಳಿಂದ ಒತ್ತುವ ಮಣೆ ಒತ್ತಿದರೆ ಪೇಟಿಯ ಷಡ್ಜವೇ ನುಡಿಯಲಿಲ್ಲ. ಬರೀ ಗಾಳಿ ಸುಯ್ಯೆಂದಿತು. ಚೆನ್ನವ್ವ ತೆರೆದ ಬಾಯಿ ಮುಚ್ಚಿಬಿಟ್ಟಳು. ಮಗಳು ಮೇಲಿನ ಷಡ್ಜ ಬಾರಿಸಿದಳು, ಪಕ್ಕದ ಮಣೆ ಒತ್ತಿದಳು. ತಾಯಿ ಕತ್ತು ಅಲ್ಲಾಡಿಸಿ ಗೋಡೆಯ ಕಡೆ ತಿರುಗಿದಳು. ಮರುದಿನ ಪೇಟಿ ರಿಪೇರಿಯವನು ಬಂದು ನೋಡಿ, “ಭಾಳ ಹಳೇದು ರೀ. ಸ್ವರದ ಹಲಗಿ ಪೂರಾ ಹೊಸದು ಹಾಕೂಣು,” ಎಂದ. ಹೊಸ ಹಲಗೆಯೆಂದರೆ ಹೊಸ ದನಿ. ತಾಯಿಗೆ ಗೊತ್ತಿರುವುದು ಹಳೆಯದೊಂದೇ. ಅದು ಹೋದರೆ ಅವ್ವನ ಮಾತೂ ಹೋದಂತೆಯೇ ಎಂದು ಗಂಗಾಂಬಿಕಾ ಅಡುಗೆಮನೆಗೆ ಬಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಅತ್ತಾದ ಮೇಲೆ ಕರಿ ಪೆಟ್ಟಿಗೆ ತಂದು ಪೇಟಿಯ ಮುಂದೆ ಕೂತಳು. ಅವರ ಚಪ್ಪಟೆ ಮೂತಿ ಗಟ್ಟಿ, ಆದರೆ ದಪ್ಪ. ಹಳೇ ಸ್ಕ್ರೂಗಳ ಸೀಳು ತೆಳ್ಳಗೆ. ಮೂತಿ ಪೂರ್ತಿ ಒಳಗಿಳಿಯದೆ ಮೇಲೇ ಕಚ್ಚಿ, ತಿರುಗಿಸಿದ ಕೂಡಲೇ ಜಾರಿತು. ಹಿತ್ತಾಳೆಯ ಸ್ಕ್ರೂವಿನ ಒಂದು ಅಂಚು ಕಿತ್ತುಬಂತು. ಎಲ್ಲವೂ ಹೀಗೇ ಆದರೆ ಹಲಗೆ ಒಡೆದೇ ತೆಗೆಯಬೇಕು.

ಮಂಚದ ಮೇಲಿಂದ ಚೆನ್ನವ್ವ ಗುರುಗುಟ್ಟಿದಳು. ಎಡಗೈ ಹೆಬ್ಬೆರಳಿನಿಂದ ತೋರುಬೆರಳ ತುದಿಯನ್ನು ಉಜ್ಜಿ ಉಜ್ಜಿ ತೋರಿಸಿದಳು.

“ಏನವ್ವಾ? ಉಗುರು ತೆಗೀಲಿ?”

ಚೆನ್ನವ್ವ ಹಣೆ ಚಚ್ಚಿಕೊಂಡಳು. ಮತ್ತೆ ಬೆರಳ ತುದಿ ಉಜ್ಜಿದಳು. ಅಡುಗೆಮನೆಯ ಈಳಿಗೆಯ ಕಡೆ ಕೈ ಮಾಡಿದಳು. ಕೊನೆಗೆ ಮುಚ್ಚಳದ ಆ ಖಾಲಿ ಗುಳಿಯ ಕಡೆ. ಗಂಗಾಂಬಿಕಾ ಅಲ್ಲೇ ಕೂತು ಮೂರನ್ನೂ ಕೂಡಿಸಿ ನೋಡಿದಳು. ಗುಳಿಯಲ್ಲಿ ಒಂದು ಕಾಲಕ್ಕೆ ಏನೋ ಇತ್ತು. ಬೆರಳಿನಷ್ಟು ಸಣ್ಣದು, ತುದಿ ಉಜ್ಜಿದ್ದು.

“ಮಸೀಬೇಕು! ಈ ಸ್ಕ್ರೂಗೆ ಹೊಂದೂವಂಗ ತುದಿ ಮಸೀಬೇಕು, ಹೌದಿಲ್ಲವ್ವಾ?”

ಚೆನ್ನವ್ವ ಎಡಗೈಯಿಂದ ಮಂಚ ಬಡಿದಳು. ಮನೆಯಲ್ಲಿ ಈಳಿಗೆ ಮಸೆಯುವ ಅರ ಇತ್ತು. ಕರಿ ಪೆಟ್ಟಿಗೆಯ ಮೂತಿಗೆ ಅದನ್ನು ಹಚ್ಚಿದರೆ ಕಿರ್ರೆಂದು ಜಾರಿತು. ಒಂದು ಕಣ ಪುಡಿ ಉದುರಲಿಲ್ಲ. ಹದ ಹಾಕಿದ ಉಕ್ಕು ಯಾರ ಮಾತೂ ಕೇಳುವುದಿಲ್ಲ. ಆಗ ಗಂಗಾಂಬಿಕಾ ಸೆಳೆಖಾನೆ ಎಳೆದು, ನನ್ನ ಮೈಯ ಬೆಲ್ಲ ಒರೆಸಿದಳು.

ಅರ ತಾಗಿದಾಗ ನೋವಾಯಿತೇ ಎಂದು ಕೇಳಬೇಡಿ. ಆಯಿತು. ಆದರೆ ಮೊದಲ ಸಲ ಯಾರೋ ನನ್ನನ್ನು ಒಂದು ನಿರ್ದಿಷ್ಟ ಕೆಲಸಕ್ಕೆಂದು ತಯಾರು ಮಾಡುತ್ತಿದ್ದರು. ಊಟದ ಅವಸರದಲ್ಲಿ ಅರೆಬರೆ ಹದ ಹಾಕಿದ್ದೇ ಒಳ್ಳೆಯದಾಯಿತು. ಪುಡಿ ಸಣ್ಣಗೆ ಉದುರಿತು, ನಾನು ತೆಳ್ಳಗಾದೆ. ಸೀಳಿನಲ್ಲಿ ಇಟ್ಟು ನೋಡುವುದು, ಮತ್ತೆ ಮಸೆಯುವುದು. ಕೊನೆಗೊಮ್ಮೆ ತಳದವರೆಗೂ ಇಳಿದು ಕೂತೆ.

ಡಬ್ಬಿಯ ಹಳೇ ಹಿಡಿಗೆ ನನ್ನನ್ನು ಸಿಕ್ಕಿಸಿ ತಿರುಗಿಸಿದಾಗ ಸ್ಕ್ರೂಗಳು ಒಂದೊಂದಾಗಿ ಸಡಿಲಾದವು. ಅಂಚು ಕಿತ್ತುಹೋಗಿದ್ದದ್ದು ಮಾತ್ರ ಹಟ ಹಿಡಿಯಿತು. ಗಂಗಾಂಬಿಕಾ ಮೈಭಾರವನ್ನೆಲ್ಲ ನನ್ನ ಮೇಲೆ ಹಾಕಿ ಮೆಲ್ಲಗೆ ತಿರುಗಿಸಿದಳು. ಟಕ್ಕೆಂದಿತು. ಮುರಿದದ್ದು ನನ್ನ ಮೂತಿಯ ಒಂದು ಮೂಲೆ. ಸ್ಕ್ರೂ ತಿರುಗಿತ್ತು.

ಹಲಗೆ ಎತ್ತಿದಾಗ ಅಷ್ಟು ವರ್ಷಗಳ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಹಿಂದೆ ಸಾಲಾಗಿ ಹಿತ್ತಾಳೆಯ ನಾಲಗೆಗಳು. ಒಂದೊಂದು ಸ್ವರಕ್ಕೆ ಒಂದೊಂದು ನಾಲಗೆ! ಷಡ್ಜದ ನಾಲಗೆಗೆ ಬೆಳ್ಳಗೆ ಏನೋ ಗಟ್ಟಿಯಾಗಿ ಮೆತ್ತಿತ್ತು. ಗಂಗಾಂಬಿಕಾ ಮೂಸಿದಳು, ಬೆರಳಲ್ಲಿ ಪುಡಿ ಮಾಡಿದಳು, ಬೆಪ್ಪಾಗಿ ತಾಯಿಯ ಮುಖ ನೋಡಿದಳು.

“ಅವ್ವಾ, ಇಬತ್ತಿ!”

ಭಜನೆ ಶುರು ಮಾಡುವ ಮೊದಲು ಬಳಗದ ಹೆಂಗಸರೆಲ್ಲ ಪೇಟಿಗೆ ವಿಭೂತಿ ಹಚ್ಚಿ ಕೈಮುಗಿಯುವುದು ರೂಢಿ. ಹಾಡು ಹುಟ್ಟುವ ಜಾಗವೆಂದು ಷಡ್ಜದ ಮಣೆಗೇ ಹಚ್ಚುತ್ತಿದ್ದರು. ಅಷ್ಟೂ ಜನರ ಭಕ್ತಿ ಸಂದಿಯಲ್ಲಿ ಉದುರಿ, ತೇವ ಹಿಡಿದು, ಕೊನೆಗೆ ಸ್ವರದ ನಾಲಗೆಯನ್ನೇ ಕಟ್ಟಿಹಾಕಿತ್ತು. ಚೆನ್ನವ್ವನ ಹೊಟ್ಟೆ ಕುಲುಕಿತು. ಲಕ್ವಾ ಹೊಡೆದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ಗಂಗಾಂಬಿಕಾ ಮೆತ್ತನೆಯ ಬ್ರಷ್ಷಿನಿಂದ ನಾಲಗೆ ಸ್ವಚ್ಛ ಮಾಡಿ, ಹಲಗೆ ಕೂರಿಸಿ, ನನ್ನಿಂದಲೇ ಸ್ಕ್ರೂ ಬಿಗಿದಳು. ಷಡ್ಜ ನುಡಿಯಿತು. ಚೆನ್ನವ್ವ ಕಣ್ಣು ಮುಚ್ಚಿ ದನಿ ಹೊಂದಿಸಿದಳು. “ಸಾ…” ಎಂದು ಎಳೆದು, ಉಸಿರು ತಗೊಂಡು, ಅದೇ ಸ್ವರದಲ್ಲಿ ಮುಂದುವರಿಸಿದಳು: “ಗಂ…ಗಾ… ಚಾ…”

ಮಗಳು ಅಳುತ್ತಲೇ ಚಹಾಕ್ಕೆ ಇಡಲು ಓಡಿದಳು.

ಈಗ ನಾನು ಮುಚ್ಚಳದ ಆ ಗುಳಿಯಲ್ಲಿದ್ದೇನೆ. ಗಲಗಲ ಎನ್ನದಿರಲೆಂದು ಒಂದು ಬಟ್ಟೆಚೂರು ಸುತ್ತಿದ್ದಾರೆ. ಮೂಲೆ ಮುರಿದ, ಮಸೆದ ನನ್ನ ಮೂತಿ ಲೋಕದ ಬೇರೆ ಯಾವ ಸ್ಕ್ರೂಗೂ ಹೊಂದುವುದಿಲ್ಲ. ಕರಿ ಪೆಟ್ಟಿಗೆಯವರು ಈಗಲೂ ಗಟ್ಟಿಯಾಗಿದ್ದಾರೆ. ಚೆನ್ನವ್ವ ಹಿಡಿದು ನಡೆಯಲು ಗೋಡೆಗೆ ಸರಳು ಬಿಗಿದವರು ಅವರೇ. ಅಂಥ ಕೆಲಸ ನನ್ನಿಂದ ಆಗುತ್ತಿರಲಿಲ್ಲ. ಮೊದಲಿನ ಹಾಗೆ ಅವರನ್ನು ಕಂಡು ಹೊಟ್ಟೆಕಿಚ್ಚಿಲ್ಲ. ಬಳಗದ ಹೆಂಗಸರು ಈಗ ಮಣೆ ಬಿಟ್ಟು ಪೇಟಿಯ ಪಕ್ಕೆಯ ಮರದ ಮೈಗೆ ವಿಭೂತಿ ಹಚ್ಚುತ್ತಾರೆ.

ನಿನ್ನೆ ಸಂಜೆ ಚಹಾ ಸಪ್ಪಗಿತ್ತು. ಚೆನ್ನವ್ವ ಸ್ವರ ಹಿಡಿದು, ಒಂದೊಂದೇ ಅಕ್ಷರ ಎಳೆದು, ಮಗಳನ್ನು ಬೈದಳು: “ಸಕ್…ಕ್ರಿ… ಎಲ್…ಲಿ… ಹಾ…ಕೀ…ದಿ…”

ಗಂಗಾಂಬಿಕಾ ಲೋಟ ಕೆಳಗಿಟ್ಟು ಮತ್ತೆ ತಿದಿ ಒತ್ತಿದಳು. “ಇನ್ನೊಮ್ಮೆ ಬೈಯಿ ಅವ್ವಾ,” ಎಂದಳು.